ರಕ್ತ ಕಮ್ಮಿ ಎಂದು ಬರೆದೆ

ನಮ್ಮ ಕಡೆ ಮುಖ ಬಿಳಚಿಕೊಂಡವರಿಗೆಲ್ಲ ಒಂದೇ ಕಾಯಿಲೆ: ರಕ್ತ ಕಮ್ಮಿ. ನಾಲ್ಕು ಹೆಜ್ಜೆಗೆ ಏದುಸಿರು ಬಂದರೂ ಅದೇ, ಹೊಲದಲ್ಲಿ ಕಣ್ಣು ಕತ್ತಲಿಟ್ಟರೂ ಅದೇ, ಹೆರಿಗೆಯಲ್ಲಿ ಹೆಂಗಸು ಸತ್ತರೂ ಅದೇ. ಗುಂಡ್ಲುಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನೀಶಿಯನ್ ಆಗಿದ್ದ ನಾನೂ ಅದನ್ನೇ ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ. ಆ ಎರಡು ಪದಗಳ ಮರೆಯಲ್ಲಿ ನಿಂತು ನಾನು ಮಾಡಿದ ಒಂದು ಕೆಲಸವಿದೆ. ಮೊದಲೇ ಹೇಳಿಬಿಡುತ್ತೇನೆ: ನನ್ನ ಮಗಳನ್ನು ತಿಂದ ಕಾಯಿಲೆಯ ಸುಳಿವು ಅವಳು ಹುಟ್ಟುವುದಕ್ಕೆ ಮೊದಲೇ ನನ್ನ ಮೈಕ್ರೋಸ್ಕೋಪಿನ ಕೆಳಗೆ ಬಂದಿತ್ತು. ನೋಡಿಯೂ ಸುಮ್ಮನಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಆಗ ಹಿಮೋಗ್ಲೋಬಿನ್ ನೋಡಲು ಯಂತ್ರವಿರಲಿಲ್ಲ. ಗಾಜಿನ ಕೊಳವೆಯಲ್ಲಿ ಒಂದಿಷ್ಟು ಆಸಿಡ್ ಹಾಕಿ, ಬೆರಳು ಚುಚ್ಚಿ ಬಂದ ರಕ್ತವನ್ನು ಪಿಪೆಟ್ಟಿನಲ್ಲಿ ಬಾಯಿಂದಲೇ ಎಳೆದು ಅದಕ್ಕೆ ಬಿಡಬೇಕು. ಹತ್ತು ನಿಮಿಷದಲ್ಲಿ ಅದು ಕಾಫಿ ಬಣ್ಣಕ್ಕೆ ತಿರುಗುತ್ತದೆ. ಪಕ್ಕದ ಗಾಜಿನ ಬಣ್ಣಕ್ಕೆ ಸರಿಹೊಂದುವ ತನಕ ಹನಿ ಹನಿ ನೀರು ಬೆರೆಸಿ ಅಂಕಿ ಓದಬೇಕು. ನನ್ನ ಕಣ್ಣು ಚೆನ್ನಾಗಿತ್ತು, ಅದರ ಬಗ್ಗೆ ನನಗೆ ಜಂಬವೂ ಇತ್ತು. ಚಾಮರಾಜನಗರದಲ್ಲಿ ಕೆಲಸ ಕಲಿಯುವಾಗ ಪುಣಜನೂರಿನ ಕಡೆಯ ಕಾಡಂಚಿನ ಹಾಡಿಯಿಂದ ಬಂದ ಹೆಂಗಸೊಬ್ಬಳ ಸ್ಲೈಡಿನಲ್ಲಿ ಕುಡುಗೋಲಿನಂತೆ ಬಾಗಿದ ರಕ್ತಕಣಗಳನ್ನು ಎಲ್ಲರಿಗಿಂತ ಮೊದಲು ಗುರುತಿಸಿದವನು ನಾನೇ. ಅದೂ ಹಿಮೋಗ್ಲೋಬಿನ್ನೇ, ಆದರೆ ಬೇರೆ ಬಗೆಯದು, ಅಪ್ಪ ಅಮ್ಮನಿಂದ ಬರುತ್ತದೆ ಎಂದು ಕಲಿಸಿದ್ದರು. ಕಾಡಿನವರ ಕಾಯಿಲೆ, ನಮ್ಮಂಥವರಿಗೆ ಅದೆಲ್ಲ ಎಲ್ಲಿ ಬರುತ್ತದೆ ಎಂದುಕೊಂಡಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತಂತೆ.

ನನ್ನ ಅಕ್ಕನನ್ನು ತೆರಕಣಾಂಬಿಗೆ ಕೊಟ್ಟಿತ್ತು. ಅವಳ ಮಗಳು ತೊಟ್ಟಿಲಲ್ಲಿದ್ದಾಗಲೇ ನನಗೆ ಎಂದು ಮಾತಾಗಿತ್ತು. ಆ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗಿದವನು ನಾನು. ಬೆಳೆದ ಮೇಲೂ ಅವಳು "ಬಾ ಮಾವ, ಕೂತ್ಕೊ ಮಾವ" ಎಂದೇ ಮಾತಾಡುತ್ತಿದ್ದಳು. ಮದುವೆಗೆ ಮೂರು ತಿಂಗಳಿರುವಾಗ ಅಕ್ಕ ಅವಳನ್ನು ಬಸ್ಸು ಹತ್ತಿಸಿಕೊಂಡು ನನ್ನ ಲ್ಯಾಬಿಗೆ ಬಂದಳು.

"ಸುಸ್ತು ಅಂತಾಳೆ ಕಣ್ಲಾ. ರಕ್ತ ಕಮ್ಮಿ ಇರ್ಬೇಕು, ಒಸಿ ನೋಡು."

ನೋಡಿದೆ. ಅಂಕಿ ಕಮ್ಮಿ ಇತ್ತು, ತೀರಾ ಕಮ್ಮಿಯೇನಲ್ಲ. ಸುಮ್ಮನಿರಲಾಗದೆ ಕೆಂಪು ಕಣಗಳನ್ನೂ ಎಣಿಸಿದೆ. ರಕ್ತ ಕಮ್ಮಿ ಇದ್ದವರಲ್ಲಿ ಕಣಗಳೂ ಕಮ್ಮಿ ಇರಬೇಕು. ಇವಳಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ. ಕಣಗಳು ಪುಟ್ಟವು, ಬಿಳಚಿದವು, ಕೆಲವಕ್ಕೆ ನಟ್ಟ ನಡುವೆ ಕೆಂಪು ಚುಕ್ಕೆ. ಇದ್ದ ಹಿಟ್ಟು ಅಷ್ಟೇ ಆದರೂ ಮುದ್ದೆಯ ಲೆಕ್ಕ ಹೆಚ್ಚಿಸಲು ಸಣ್ಣ ಸಣ್ಣ ಮುದ್ದೆ ಕಟ್ಟಿದ ಹಾಗೆ. ಎಣಿಕೆ ತಪ್ಪಿತೆಂದು ಮತ್ತೆ ಎಣಿಸಿದೆ. ತಪ್ಪಿರಲಿಲ್ಲ. ಆಮೇಲೆ ಯಾಕೆ ಹಾಗನ್ನಿಸಿತೋ, ನನ್ನ ಬೆರಳನ್ನೂ ಚುಚ್ಚಿಕೊಂಡು ನೋಡಿದೆ. ಅದೇ ಪುಟ್ಟ ಕಣಗಳು, ಅದೇ ಚುಕ್ಕೆ.

ಕಲಿಯುವಾಗಿನ ಪುಸ್ತಕ ಮನೆಯಲ್ಲಿತ್ತು. ತಲಸೀಮಿಯಾ ಎಂಬ, ಅಪ್ಪ ಅಮ್ಮನಿಂದಲೇ ಬರುವ ಇನ್ನೊಂದು ರಕ್ತದ ಕಾಯಿಲೆಯ ಪುಟ ತೆಗೆದೆ. "ಗಂಡ ಹೆಂಡತಿ ಇಬ್ಬರಲ್ಲೂ ಈ ಕುರುಹು ಇದ್ದರೆ ಹುಟ್ಟುವ ಮಗುವಿಗೆ..." ಎಂದು ಶುರುವಾಗುವ ಸಾಲು ಬಂತು. ಪುಸ್ತಕ ಮುಚ್ಚಿಟ್ಟೆ. ಗೊತ್ತಿತ್ತು ಎಂದರೆ ಪೂರ್ತಿ ನಿಜವಲ್ಲ, ಗೊತ್ತಿರಲಿಲ್ಲ ಎಂದರೆ ಪೂರ್ತಿ ಸುಳ್ಳು. ಮೈಸೂರಿಗೆ ಇಬ್ಬರ ರಕ್ತವನ್ನೂ ಕಳಿಸಿದ್ದರೆ ತಿಳಿದುಹೋಗುತ್ತಿತ್ತು. ತಿಳಿದಿದ್ದರೆ ಮದುವೆ ನಿಲ್ಲುತ್ತಿತ್ತು, ಅವಳನ್ನು ಬೇರೆ ಯಾರಿಗಾದರೂ ಕೊಡುತ್ತಿದ್ದರು. ನನಗೆ ಅವಳು ಬೇಕಾಗಿದ್ದಳು. ಚೀಟಿಯಲ್ಲಿ ರಕ್ತ ಕಮ್ಮಿ ಎಂದು ಬರೆದು ಕಬ್ಬಿಣದ ಮಾತ್ರೆ ಕೊಡಿಸಿದೆ. ಅಕ್ಕನಿಗೆ ಅರ್ಧ ಬಾಯಿಬಿಟ್ಟು, ಮೈಸೂರಲ್ಲಿ ಒಂದು ಟೆಸ್ಟ್ ಮಾಡಿಸೋಣವೇ ಎಂದದ್ದು ಉಂಟು.

"ಒಂದೇ ರಕ್ತ ಕಣ್ಲಾ ನಮ್ದು, ಅದೇನ್ ನೋಡೀಯೆ ಬುಡು," ಎಂದಳು ಅಕ್ಕ. ನನಗೂ ಅಷ್ಟೇ ಬೇಕಾಗಿತ್ತು.

ಮಗಳು ಹುಟ್ಟಿದಾಗ ಗುಂಡುಗುಂಡಗೆ, ಕೆಂಪಗೆ ಇದ್ದಳು. ನಾನು ಗೆದ್ದೆ ಎಂದುಕೊಂಡೆ. ಆರನೇ ತಿಂಗಳಿಗೆ ಬಣ್ಣ ಇಳಿಯತೊಡಗಿತು. ಹಾಲು ಕುಡಿಯುವಾಗ ಬೆವರುತ್ತಿದ್ದಳು, ಹೊಟ್ಟೆ ಊದಿಕೊಳ್ಳುತ್ತಿತ್ತು. ನಾನು ಆಗಲಾದರೂ ಎದ್ದು ಓಡಬೇಕಿತ್ತು. ನಾಲ್ಕು ತಿಂಗಳು ಕಬ್ಬಿಣದ ಟಾನಿಕ್ ಕುಡಿಸಿದೆ, ಕಬ್ಬಿಣ ಕೂಡಿಕೊಂಡೇ ಸಾಯುವ ಕಾಯಿಲೆಯ ಮಗುವಿಗೆ.

ಕೊನೆಗೆ ಮೈಸೂರಿನ ಡಾಕ್ಟರು ಒಂದು ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ನಾಲ್ಕು ಸರಪಳಿ ಬರೆದರು. ಹಿಮೋಗ್ಲೋಬಿನ್ ಎಂದರೆ ಇಷ್ಟೇ, ಎರಡು ಒಂದು ಜಾತಿಯವು, ಎರಡು ಇನ್ನೊಂದು ಜಾತಿಯವು, ಒಂದೊಂದೂ ಒಂದು ಚೂರು ಕಬ್ಬಿಣ ಹಿಡಿದುಕೊಂಡಿರುತ್ತದೆ, ಆ ಕಬ್ಬಿಣ ಉಸಿರನ್ನು ಹಿಡಿದುಕೊಳ್ಳುತ್ತದೆ ಎಂದರು. ಬಸಿರಲ್ಲಿರುವ ಮಗುವಿಗೆ ಬೇರೆಯದೇ ಹಿಮೋಗ್ಲೋಬಿನ್, ಹುಟ್ಟಿದ ಮೇಲೂ ಕೆಲವು ತಿಂಗಳು ಅದರಲ್ಲೇ ನಡೆಯುತ್ತದೆ. ಅದು ಮುಗಿಯುವಷ್ಟರಲ್ಲಿ ದೊಡ್ಡವರ ಬಗೆಯದು ಬರಬೇಕು. "ನಿಮ್ಮ ಮಗುವಿಗೆ ಬರುವುದಿಲ್ಲ. ಎರಡು ಸರಪಳಿ ಕಟ್ಟುವುದನ್ನು ಅವಳ ಮೈ ಕಲಿತೇ ಇಲ್ಲ. ನಿಮ್ಮಿಬ್ಬರಿಗೂ ಅರ್ಧ ಬರುತ್ತದೆ, ಬದುಕಿದ್ದೀರಿ." ನನ್ನ ಹೆಂಡತಿ ಆ ಹಾಳೆಯನ್ನು ಕೇಳಿ ಪಡೆದು ಸೆರಗಿನ ತುದಿಗೆ ಕಟ್ಟಿಕೊಂಡಳು. ಅವಳಿಗೆ ಏನೂ ಅರ್ಥವಾಗಿರಲಿಲ್ಲ.

ಅಲ್ಲಿಂದ ತಿಂಗಳಿಗೊಮ್ಮೆ ಮೈಸೂರಿನ ಬಸ್ಸು, ತಿಂಗಳಿಗೊಂದು ಬಾಟಲಿ ರಕ್ತ. ಬಾಟಲಿ ಬೇಕೆಂದರೆ ನಮ್ಮ ಕಡೆಯವರು ಒಬ್ಬರು ರಕ್ತ ಕೊಡಬೇಕು. ನನ್ನದೂ ಹೆಂಡತಿಯದೂ ನಡೆಯುವುದಿಲ್ಲ, ಇಬ್ಬರದೂ ಅದೇ ಅರ್ಧ ರಕ್ತ. ಒಂದೇ ರಕ್ತ ಎಂದು ಮದುವೆಯಲ್ಲಿ ಎದೆ ತಟ್ಟಿಕೊಂಡ ಗಂಡಸರೆಲ್ಲ ಅಂಗಳದಲ್ಲೇ ಇದ್ದರು. ಒಬ್ಬನಿಗೆ ಕಬ್ಬು ಕಡಿಸುವುದಿತ್ತು, ಒಬ್ಬನಿಗೆ ನಿಶ್ಶಕ್ತಿ ಬರುತ್ತದಂತೆ, ಇನ್ನೊಬ್ಬನ ಹೆಂಡತಿ ಬಾಗಿಲಲ್ಲೇ ನಿಂತು ಅವನಿಗೆ ಜ್ವರ ಎಂದಳು. ಅವನು ಹಿತ್ತಿಲಲ್ಲಿ ಹಸು ತೊಳೆಯುತ್ತಿದ್ದ. ಬಸ್ ಸ್ಟ್ಯಾಂಡಿನ ಬೇಕರಿಯ ಮಲಯಾಳಿ ಮೂರು ಸಲ ಬಂದು ಕೊಟ್ಟ. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಯಾವ್ ಜಾತಿಯೋನ್ ರಕ್ತವೋ ಏನೋ, ಮಗೀಗೆ ಆಗ್ತದಾ?" ಎಂದಳು. ಅವತ್ತು ಅವಳ ಮೇಲೆ ಕೈ ಎತ್ತುವುದೊಂದು ಬಾಕಿ. ಆಮೇಲೆ ಯೋಚಿಸಿದರೆ, ಅವಳು ತಿಳಿಯದೆ ಆಡಿದಳು, ನಾನು ತಿಳಿದು ಸುಮ್ಮನಿದ್ದವನು.

ಬಾಟಲಿ ಏರಿದ ವಾರ ಮಗಳು ಓಡಾಡುತ್ತಿದ್ದಳು, ಸ್ಲೇಟು ಹಿಡಿದು ಅ ಆ ತಿದ್ದುತ್ತಿದ್ದಳು. ಮೂರನೇ ವಾರಕ್ಕೆ ಗೋಡೆಗೆ ಒರಗಿ ಕೂರುತ್ತಿದ್ದಳು. ಹೊರಗಿನ ರಕ್ತದ ಕಬ್ಬಿಣ ಗುಂಡಿಗೆಯಲ್ಲಿ ಕೂಡಿಕೊಳ್ಳುತ್ತ ಹೋಯಿತು. ಆರು ತುಂಬುವ ಮೊದಲು ಒಂದು ಜ್ವರ ನೆಪವಾಯಿತು. ಮಣ್ಣು ಮಾಡಿ ಬಂದ ದಿನ ಊರಿನವರೆಲ್ಲ "ಪಾಪ, ರಕ್ತ ಕಮ್ಮಿ ಆಗಿ ಓಯ್ತು ಮಗ" ಎಂದರು.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಸೊಪ್ಪು ಸೋಸುತ್ತ ಕೂತಿದ್ದಳು. ತಡೆಯಲಾರದೆ ಎಲ್ಲವನ್ನೂ ಹೇಳಿದೆ: ಎರಡು ಸ್ಲೈಡು, ಪುಸ್ತಕ, ಚೀಟಿ. ಬೈಯುತ್ತಾಳೆ, ಬೈದರೆ ಹಗುರಾಗುತ್ತೇನೆ ಎಂಬ ಆಸೆಯಿತ್ತು. ಅವಳು ಸೊಪ್ಪಿನ ದಂಟು ಮುರಿಯುತ್ತಲೇ ಕೇಳಿಸಿಕೊಂಡಳು.

"ಗಂಡ ಮುಚ್ಚಿಟ್ಟಿದ್ರೆ ಗಂಡಸ್ರು ಬುದ್ಧಿ ಇಷ್ಟೇಯ ಅಂದ್ಕತಿದ್ದೆ. ಆವಾಗ ನೀನು ನನ್ ಮಾವ ಅಲ್ವಾ. ನನ್ ಎತ್ತಾಡ್ಸಿದೋನು. ಮಾವ ಆಗಾದ್ರೂ ಯಾಕ್ ಏಳ್ನಿಲ್ಲ?"

ಉತ್ತರಕ್ಕೆ ಕಾಯದೆ ಅವಳು ಸೊಪ್ಪು ತೊಳೆಯಲು ಎದ್ದು ಹೋದಳು. ಮುಂದೊಂದು ದಿನ, ಮತ್ತೊಂದು ಮಗು ಬೇಡವೆಂದು ತಾನೇ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದಳು.

ನಾನು ಎಲ್ಲ ಹೇಳಿದ ದಿನದ ಮಧ್ಯಾಹ್ನದಿಂದಲೇ ಅವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಾಳೆ. ಬನ್ನಿ, ಕೂತ್ಕೊಳ್ಳಿ, ಇನ್ನೊಂದ್ ಮುದ್ದೆ ಹಾಕ್ಲಾ ನಿಮ್ಗೆ. ಮಾವ ಎಂದು ಒಂದು ಸಲವೂ ಕರೆದಿಲ್ಲ. ಆ ವರ್ಷ ಹಬ್ಬಕ್ಕೆ ಬಂದ ಅಕ್ಕ ಅದನ್ನು ಕೇಳಿಸಿಕೊಂಡು ಬಹಳ ಹಿಗ್ಗಿದಳು.

"ಅಂತೂ ಗಂಡಂಗೆ ಮರ್ವಾದೆ ಕೊಡೋದ್ ಕಲ್ತವ್ಳೆ ಕಣ್ಲಾ ನನ್ ಮಗ್ಳು!"