ಕೂಸಿನ ಬುತ್ತಿ

ಬೆಳಕು ಹರಿಯುವ ಹೊತ್ತು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗಗಳು ಇನ್ನೂ ಎದ್ದಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಮನೆಯಿಂದ ಮನೆಗೆ ಸಾಗುತ್ತಿದೆ. ಫಕೀರವ್ವ ಬುಟ್ಟಿ ಹಿಡಿದು ಒಂದೊಂದೇ ಬಾಗಿಲಲ್ಲಿ ನಿಲ್ಲುತ್ತಾರೆ. ಒಂದು ಮನೆಯಿಂದ ರೊಟ್ಟಿ, ಇನ್ನೊಂದರಿಂದ ಬೆಳ್ಳುಳ್ಳಿ ಹಾಕಿದ ಸಬ್ಬಸಿಗೆ ಪಲ್ಯ.

"ಬಂತು ನೋಡ್ರಿ ವಸೂಲಿ. ಬ್ಯಾಂಕಿನವರು ತಿಂಗಳಿಗೊಮ್ಮೆ ಬರ್ತಾರ, ಈಕಿ ದಿನಾ ಬರ್ತಾಳ," ಎನ್ನುತ್ತಾಳೆ ಒಲೆಯ ಮುಂದೆ ಕೂತ ಕಮರುನ್ನಿಸಾ.

"ಬಿಸಿದು ಕೊಡವಾ. ನಿನ್ನಿ ರೊಟ್ಟಿ ನಿನ್ನ ಗಂಡಗ ಹಾಕು."

ಈ ಬುಟ್ಟಿ ಹೋಗುವುದು ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡಿಗೆ. ರೋಣ, ನರಗುಂದ, ಗಜೇಂದ್ರಗಡ, ಮೂರೂ ಕಡೆಯ ತಾಯಂದಿರು ಬರುವ ಆ ದವಾಖಾನೆಯ ಹೆಸರು ನಾನು ಬರೆಯುವುದಿಲ್ಲ. ಬರೆದರೆ ನಾಳೆ ಈ ಬುಟ್ಟಿಯನ್ನು ಗೇಟಿನಲ್ಲೇ ಇಳಿಸುತ್ತಾರೆ. ಅಲ್ಲಿನ ನಿಯಮದಂತೆ ಊಟ ರೋಗಿಗೆ ಮಾತ್ರ. ಹೆತ್ತ ಕೆಲವು ದಿನಕ್ಕೆ ತಾಯಿಯನ್ನು ಬಿಡುಗಡೆ ಮಾಡುತ್ತಾರೆ. ಅಲ್ಲಿಂದ ಮುಂದೆ ರೋಗಿ ಎಂದರೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಅಂಗೈ ಅಗಲದ ಕೂಸು. ಅದಕ್ಕೆ ಅನ್ನ, ಸಾರು ಬೇಡ, ತಾಯಿಯ ಹಾಲು ಬೇಕು. ಹಾಲು ಕೊಡಬೇಕಾದವಳು ಬರೀ ಚಹಾ ಕುಡಿದು ವರಾಂಡದಲ್ಲಿ ಕೂತಿರುತ್ತಾಳೆ. ಈ ನಿಯಮ ಮಾಡಿದವರು ಹೊಟ್ಟೆ ತುಂಬ ಉಂಡು ಕೂತು ಮಾಡಿರಬೇಕು.

ದಾನಿಗಳಿಲ್ಲವೆಂದಲ್ಲ. ಬರುತ್ತಾರೆ, ಬಾಣಂತಿಯ ಕೈಯಲ್ಲಿ ಸೇಬು ಇಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಥಂಡಿಯಾದೀತೆಂದು ನಮ್ಮ ಕಡೆಯ ಬಾಣಂತಿಯರು ಹಣ್ಣು ಮುಟ್ಟುವುದಿಲ್ಲ. ಅದನ್ನು ಕೇಳಿ ತಿಳಿಯುವ ಪುರುಸೊತ್ತು ಯಾರಿಗೂ ಇಲ್ಲ. ಸೇಬು ಕಿಟಕಿಯಲ್ಲಿ ಕೊಳೆಯುತ್ತದೆ.

ಗೇಟಿನಲ್ಲಿ ಕಾವಲುಗಾರ ಗೌಸುಸಾಬ ಕೋಲು ಅಡ್ಡ ಹಿಡಿಯುತ್ತಾನೆ. "ಯಾರಿಗಿದು?"

"ಕೂಸಿನ ಬುತ್ತಿ."

"ಹಲ್ಲಿಲ್ಲದ ಕೂಸಿಗೆ ಜ್ವಾಳದ ರೊಟ್ಟಿ?"

"ತಾಯಿ ಬಾಯಿಲೆ ತಿಂತೈತಪಾ. ನಿಮ್ಮವ್ವ ಏನು ಗಾಳಿ ತಿಂದು ನಿನಗ ಹಾಲು ಕುಡಿಸಿದ್ಲೇನು?"

ಒಳಗಿನ ಸಾಹೇಬರ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ದಿನವೂ ಇದೇ ಜಗಳ. ತಡೆದೆ ಎಂದು ಹೇಳಿಕೊಳ್ಳಲು ಅವನಿಗೊಂದು ಸಾಕ್ಷಿ ಬೇಕು. ಆಮೇಲೆ ಅವನೇ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಾನೆ.

ಫಕೀರವ್ವ ಇದಕ್ಕೆ ಇಳಿದದ್ದು ಸೊಸೆಯ ಹೆರಿಗೆಯಲ್ಲಿ. ಏಳು ತಿಂಗಳಿಗೇ ಹುಟ್ಟಿದ ಮೊಮ್ಮಗಳು ಒಳಗಿದ್ದಳು. "ನಾ ಡಬ್ಬಿ ಬಿಚ್ಚಿದ್ರ ಮಗ್ಗಲ ಹುಡುಗಿ ಗ್ವಾಡಿ ಕಡೆ ಮಾರಿ ಮಾಡಿ ಮಲಗತಿತ್ರಿ. ನಿದ್ದಿ ಬಂದೈತಿ ಅಂದ್ಕೊಂಡೆ. ನಿದ್ದಿ ಅಲ್ಲರಿ, ಹಸದ ಹೊಟ್ಟಿಲೆ ಊಟದ ವಾಸನಿ ತಡಕೊಳ್ಳಾಕ ಆಗ್ತಿದ್ದಿಲ್ಲ ಆಕಿಗೆ." ಮೊಮ್ಮಗಳು ಈಗ ಸಾಲಿಗೆ ಹೋಗುತ್ತಾಳೆ. ಮಗ್ಗಲ ಹುಡುಗಿ ಹಾಲು ಬತ್ತಿ, ಕೂಸನ್ನು ಕಟ್ಟಿಕೊಂಡು ಊರಿಗೆ ಹೋದಳು. ಆ ಕೂಸು ಏನಾಯಿತೆಂದು ಕೇಳಿದರೆ ಫಕೀರವ್ವ ತಲೆ ಅಲ್ಲಾಡಿಸಿ ಬುಟ್ಟಿಯ ಮೇಲಿನ ಬಟ್ಟೆ ಸರಿಪಡಿಸುತ್ತಾರೆ.

ಈಗ ಅದೇ ವರಾಂಡದಲ್ಲಿ ಸವಡಿಯ ನೀಲಾ ಇದ್ದಾಳೆ. ಗಂಡ ಹೊಳಿಯಪ್ಪ ಕೂಲಿಯವ. ಬಾಣಂತನ ಮಾಡಬೇಕಾದ ತವರಿನವರು ದುಡಿಯಲು ಗೋವಾಕ್ಕೆ ಹೋಗಿದ್ದಾರೆ. ಬುತ್ತಿ ತಲುಪುತ್ತಿದ್ದರೂ ನೀಲಾಳಿಗೆ ಹಾಲು ಕಡಿಮೆಯಾಗುತ್ತಲೇ ಹೋಯಿತು. ಕಳೆದ ವಾರ ಕೂಸಿನೊಂದಿಗೆ ಊರಿಗೆ ಹೋಗಲು ಗಂಟು ಕಟ್ಟಿ ಹೊರಟೇ ನಿಂತಿದ್ದಳು. ಹೋದರೆ ಕೂಸು ಉಳಿಯುವುದಿಲ್ಲ ಎಂದರು ನರ್ಸ್. ಗಂಟು ಇಳಿಸುವಾಗ ಫಕೀರವ್ವ ಕಂಡದ್ದು ಅದರಲ್ಲಿ ಬಚ್ಚಿಟ್ಟ ರೊಟ್ಟಿಗಳನ್ನು.

"ಯಾಕ ತಿಂದಿಲ್ಲ?"

"ಅವರು ಹೊರಗ ಉಪಾಸ ಕುಂತಾರವ್ವ. ನನಗ ಹ್ಯಾಂಗ ಇಳೀಬೇಕು?"

ಬೇವಿನ ಗಿಡದ ಕೆಳಗೆ ಕೂಲಿ ಬಿಟ್ಟು ಕೂತ ಹೊಳಿಯಪ್ಪನಿಗೆ ಅವಳು ಅರ್ಧಕ್ಕಿಂತ ಹೆಚ್ಚು ದಾಟಿಸುತ್ತಿದ್ದಳು. ನಾನಾಗಿದ್ದರೆ ಬೈಯುತ್ತಿದ್ದೆ. ಫಕೀರವ್ವ ಬೈಯಲಿಲ್ಲ, ಕ್ರಮ ಬದಲಿಸಿದರು. ಈಗ ಬುಟ್ಟಿ ಮೊದಲು ಇಳಿಯುವುದು ಆ ಗಿಡದ ಕೆಳಗೆ.

"ಬ್ಯಾಡವ್ವ, ಬಾಣಂತಿ ಪಾಲು ನಾ ತಿಂದ್ರ ಮಂದಿ ಏನಂದಾರು?" ಎಂದು ಹೊಳಿಯಪ್ಪ ಮುಖ ತಿರುಗಿಸುತ್ತಾನೆ.

"ನೀ ಉಂಡಷ್ಟೂ ನಿನ್ನ ಕೂಸಿಗೆ ಹಾಲು. ಉಣ್ಣು ಸುಮ್ನ."

ಅವನು ತಲೆ ತಗ್ಗಿಸಿ ಉಣ್ಣುತ್ತಾನೆ. ಗಟ್ಟಿಮುಟ್ಟಾದ ದುಡಿಯುವ ಗಂಡಸು ಹೀಗೆ ನಾಚಿಕೊಂಡು ಉಣ್ಣುವುದನ್ನು ನೋಡಿ ನನಗೆ ಬಂದ ಸಿಟ್ಟು ಮನೆಗೆ ಬಂದರೂ ಇಳಿದಿಲ್ಲ. ನಾಚಿಕೆಪಡಬೇಕಾದವರು ಆ ಗಿಡದ ಕೆಳಗೆ ಇರಲಿಲ್ಲ.

ಮೇಲೆ ನೀಲಾ ಮೊದಲು ಕೇಳುವುದು, "ಅವರು ಉಂಡ್ರು?"

"ಉಂಡ. ಮ್ಯಾಲ ಮಜ್ಜಿಗಿ ಕುಡದ. ತೇಗಿದ್ದೂ ಹೇಳ್ಲೇನು?"

ನೀಲಾ ನಕ್ಕು ರೊಟ್ಟಿ ಮುರಿಯುತ್ತಾಳೆ, ಒಂದು ಚೂರೂ ಉಳಿಸದೆ ತಿನ್ನುತ್ತಾಳೆ. ನರ್ಸ್ ತಂದ ಪುಟ್ಟ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡುತ್ತಾಳೆ. ಮೊನ್ನೆ ತಳ ಮುಚ್ಚದಿದ್ದ ಬಟ್ಟಲು ಇಂದು ಅರ್ಧ ದಾಟಿದೆ. ನರ್ಸ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ನಡೆಯುತ್ತಾರೆ.

ಇದರಿಂದ ನಿಮಗೇನು ಸಿಗಬೇಕು ಎಂದು ಫಕೀರವ್ವನನ್ನು ಕೇಳುತ್ತೇನೆ. ಖಾಲಿ ಬುಟ್ಟಿ ಕೊಡವುತ್ತ ಹೇಳುತ್ತಾರೆ: "ನನಗೇನ್ರಿ? ಈ ಹುಡುಗಿ ಒಂದ ದಿನ, ಯಾರು ಉಂಡ್ರು, ಯಾರು ಬಿಟ್ರು ಅಂತ ಕೇಳಲಾರದ ಉಣ್ಣಲಿ."