ಹೆಸರು ಬಿಡದ ಮುನ್ಷಿಯವರು

ಹೊಟ್ಟೆನೋವೆಂದು ಸವಣೂರಿನ ದವಾಖಾನೆಗೆ ಹೋದಾಗಲೂ ಇಮಾಮಸಾಬ ಮುನ್ಷಿಯವರು ಡಾಕ್ಟರರ ಮುಂದೆ ಹೇಳಿದ್ದು ಹೀಗೆ: “ಹೊಟ್ಟಿ ನೋಯಾಕತ್ತೈತ್ರಿ, ಇದು ನಂದ ಮಾತು. ಜ್ವರ ಐತಿ, ಇದು ಮನಿಯಾಕಿ ಮಾತು, ಹಣಿ ಮ್ಯಾಲೆ ಕೈ ಇಟ್ಟು ನೋಡಿದಾಕಿ ಆಕಿ. ನಿನ್ನಿ ತಿಂದ ಖಾರಾದ ಎಣ್ಣಿ ಕೆಟ್ಟಿತ್ತು ಅನ್ನೂದು ಬಾಜೂ ಮನಿಯವರ ಅಂದಾಜು. ಅದಕ್ಕ ನಾ ಜವಾಬ್ದಾರ ಅಲ್ಲ.” ಡಾಕ್ಟರರು ನಗು ತಡೆಯಲಾರದೆ, “ನಾಲಿಗಿ ತೋರಸ್ರಿ ಮುನ್ಷಿಯವರ, ಅದು ಯಾರದಂತ ನಾ ಕೇಳೂದಿಲ್ಲ” ಎಂದರಂತೆ. ಈ ಕತೆಯನ್ನು ನನಗೆ ಹೇಳಿದವನು ಆ ದವಾಖಾನೆಯ ಕಂಪೌಂಡರ. ಅವನ ಹೆಸರು ಮರೆತಿದ್ದೇನೆ. ಮುನ್ಷಿಯವರಿದ್ದರೆ ಹೆಸರು ನೆನಪಾಗುವವರೆಗೆ ಕತೆಯನ್ನೇ ಹೇಳಗೊಡುತ್ತಿರಲಿಲ್ಲ.

ಅವರು ಕನ್ನಡ ಶಾಲೆಯ ಮಾಸ್ತರರು. ಕನ್ನಡ, ಉರ್ದು, ಮರಾಠಿಯ ಮೋಡಿ ಅಕ್ಷರ ಮೂರನ್ನೂ ಓದಿ ಬರೆಯಬಲ್ಲವರಾದ್ದರಿಂದ ಜನ ಅವರನ್ನು ಮುನ್ಷಿ ಎನ್ನುತ್ತಿದ್ದರು. ಒಣಕಲು ಆಳು, ಎತ್ತರದ ಟೊಪ್ಪಿಗೆ, ಕೋಟಿನ ಗುಂಡಿಗೆ ದಾರ ಕಟ್ಟಿ ಇಳಿಬಿಟ್ಟ ಒಂದು ಮೋಟು ಪೆನ್ಸಿಲ್ಲು. ಅವರ ಅಜ್ಜ ಮಸೀದಿಯಲ್ಲಿ ಪಾಠ ಹೇಳುತ್ತಿದ್ದವರು. ಹಿರಿಯರ ಒಂದು ಮಾತು ಹೇಳುವ ಮುಂಚೆ ಅದು ಯಾರಿಂದ ಯಾರಿಗೆ ಬಂತೆಂದು ಸಾಲಾಗಿ ಹೆಸರು ಹೇಳುವುದು ಆ ಮನೆಯ ರೂಢಿ. ಮುನ್ಷಿಯವರು ಆ ರೂಢಿಯನ್ನು ಊರ ಬಾವಿಗೂ ಕೆರೆಯ ತೂಬಿಗೂ, ಕಡೆಗೆ ಹೊಟ್ಟೆನೋವಿಗೂ ಹಚ್ಚಿದರು.

ನಮ್ಮೂರು ಹಾನಗಲ್. ನಾನು ಸವಣೂರಿನ ಸೋದರಮಾವನ ಮನೆಯಲ್ಲಿದ್ದು ಅವರ ಕೈಕೆಳಗೆ ಕಲಿತೆ. ಒಮ್ಮೆ ಆಕಳಿನ ಮೇಲೆ ನಿಬಂಧ ಬರೆಯಲು ಹೇಳಿದರು. ನಾನು ಹಳೆಯ ವಾಚನ ಪುಸ್ತಕವೊಂದರಿಂದ ಇಡೀ ಪಾಠವನ್ನು ಇಳಿಸಿಕೊಂಡು ಹೋದೆ. ಮುನ್ಷಿಯವರು ಓದಿ ಮುಗಿಸಿ, “ಈ ಆಕಳಾ ಯಾರ ಮನೀದಪಾ?” ಎಂದರು. ತರಗತಿ ನಕ್ಕಿತು. ಅವರು ನಗಲಿಲ್ಲ. ಛಡಿ ಹಿಡಿಯುವ ಮನುಷ್ಯರಲ್ಲ ಅವರು. ಪ್ರಶ್ನೆ ಕೇಳಿ ಉತ್ತರ ಬರುವವರೆಗೆ ಸುಮ್ಮನೆ ಮುಖ ನೋಡುತ್ತ ಕೂಡುತ್ತಿದ್ದರು. ಹುಟ್ಟಾ ಅಂಜುಬುರುಕನಾದ ನನಗೆ ಆ ಸುಮ್ಮನಿರುವಿಕೆಯೇ ದೊಡ್ಡ ಶಿಕ್ಷೆ. ಉಳಿದ ಮಾಸ್ತರರ ಛಡಿ ಏಟು ಸಂಜೆಗೆ ಮರೆಯುತ್ತಿತ್ತು, ಇವರ ನೋಟ ಮನೆಯತನಕ ಹಿಂದೆ ಬರುತ್ತಿತ್ತು.

ಪಿಂಚಣಿಯಾದ ಮೇಲೆ ಅವರು ಶಿಗ್ಗಾಂವಿ, ಬಂಕಾಪುರ, ಹಾನಗಲ್, ಹಿರೇಕೆರೂರು ಎಂದು ಹಳ್ಳಿ ಹಳ್ಳಿ ತಿರುಗಿ, ಕೆರೆ ಬಾವಿಗಳ ಹಳೆಯ ಸಂಗತಿಗಳನ್ನು ಒಂದು ದಪ್ಪ ನೋಟುಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದರು. ಆಗ ಯುದ್ಧದ ದಿನಗಳು, ಹಾಳೆ ಸಿಗುತ್ತಿರಲಿಲ್ಲ. ಅಕ್ಷರ ಇರುವೆಯಷ್ಟು ಸಣ್ಣಗೆ. ಆದರೆ ಪ್ರತಿಯೊಂದು ಸಂಗತಿಯ ಕೆಳಗೆ ಹೇಳಿದವರ ಹೆಸರು, ಅವರ ಊರು, ಅವರಿಗೆ ಅದನ್ನು ಹೇಳಿದವರ ಹೆಸರು, ತಾವೇ ಕಂಡದ್ದೋ ಕೇಳಿದ್ದೋ ಎಂಬ ಷರಾ ಇರಲೇಬೇಕು. ಜನಕ್ಕೆ ಮಾತು ಹೇಳಲು ಖುಷಿ, ಹೆಸರು ಕೊಡಲು ಪ್ರಾಣಸಂಕಟ. ಹೆಸರು ಕಾಗದಕ್ಕೆ ಬಿತ್ತೆಂದರೆ ಕಚೇರಿಗೆ ಹೋಯಿತೆಂದೇ ಆಗಿನವರ ಲೆಕ್ಕ. “ಹೆಸರ ಬರಕೋಬ್ಯಾಡ್ರಿ ಮುನ್ಷಿಯವರ, ಮಾತ ಬೇಕಾದಷ್ಟು ತಗೋರಿ” ಎಂದು ಕೈಮುಗಿಯುತ್ತಿದ್ದರು. ಮುನ್ಷಿಯವರು ಪೆನ್ಸಿಲ್ಲು ಬಿಟ್ಟು ಎದ್ದುಬಿಡುತ್ತಿದ್ದರು. “ಹೆಸರ ಬ್ಯಾಡ ಅಂದ್ರ ನನಗ ಮಾತೂ ಬ್ಯಾಡ್ರಪಾ. ನಾಳೆ ಯಾರರ ಕೇಳಿದ್ರ ನಾ ಯಾರನ್ನ ತೋರಿಸ್ಲಿ?”

ನಾನು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗ ನಮ್ಮ ಪ್ರೊಫೆಸರರು ಊರಿನ ಇತಿಹಾಸದ ಮೇಲೆ ಪ್ರಬಂಧ ಬರೆಯಲು ಹೇಳಿದರು. ಒಳ್ಳೆಯದು ಕಾಲೇಜಿನ ಪತ್ರಿಕೆಯಲ್ಲಿ ಅಚ್ಚಾಗುವುದಿತ್ತು. ನಾನು ನೆಟ್ಟಗೆ ಸವಣೂರಿಗೆ ಹೋಗಿ ನೋಟುಬುಕ್ಕು ಕೇಳಿದೆ. ಮುನ್ಷಿಯವರು ಅದನ್ನು ಅರಿವೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. “ಬೇಕಾದ್ದ ತಗೋ ಬಸಣ್ಣಾ. ಹೆಸರ ಬಿಟ್ಟು ಮಾತ ಒಂದ ತಗೋಬ್ಯಾಡ. ಆತಿಲ್ಲೊ?” ಎಂದರು. “ಆತ್ರಿ” ಎಂದೆ.

ಆಗಲಿಲ್ಲ. ಹಿರೇಕೆರೂರಿನ ಕಡೆಯ ಒಂದು ಕೆರೆಯ ವಿಷಯ ನನಗೆ ಬಹಳ ಹಿಡಿಸಿತ್ತು. ಆ ಕೆರೆಯ ನೀರಿಗಾಗಿ ಮೇಲಿನ ಊರಿಗೂ ಕೆಳಗಿನ ಊರಿಗೂ ಹಳೆಯ ಜಗಳ. ಹಿಂದೆ ವಾರದಲ್ಲಿ ಮೂರು ದಿನ ನೀರು ಕೆಳಗಿನ ಊರಿಗೆ ಹೋಗುತ್ತಿತ್ತೆಂದು ಮುನ್ಷಿಯವರು ಬರೆದು, ಅದರ ಕೆಳಗೆ, “ಹೇಳಿದಾಕೆ ಕೆಳಗಿನ ಊರಿನ ಕರೆವ್ವ. ತಾನು ಕಂಡದ್ದಲ್ಲ, ಅತ್ತೆ ಹೇಳಿದ್ದು. ಮೇಲಿನ ಊರಿನವರು ಒಪ್ಪುವುದಿಲ್ಲ” ಎಂದು ಷರಾ ಹಾಕಿದ್ದರು. ಕರೆವ್ವ ಆಗಲೇ ತೀರಿಹೋಗಿದ್ದಳು. ಕಾಲೇಜಿನ ಪ್ರಬಂಧದಲ್ಲಿ ಹೆಬ್ಬೆಟ್ಟಿನ ಮುದುಕಿಯೊಬ್ಬಳ ಅತ್ತೆಯ ಮಾತೆಂದು ಬರೆದರೆ ಪ್ರೊಫೆಸರರು ನಕ್ಕಾರು ಎನಿಸಿತು. ಪತ್ರಿಕೆಯಲ್ಲಿ ಜಾಗವೂ ಕಡಿಮೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆಸರುಗಳನ್ನೆಲ್ಲ ಕಿತ್ತು, ಮುನ್ಷಿಯವರ ಹೆಸರನ್ನೂ ಬಿಟ್ಟು, “ನಾನು ಸ್ವತಃ ಸ್ಥಳಕ್ಕೆ ಹೋಗಿ ತೂಬು ಬಲ್ಲವರ ಬಾಯಿಂದಲೇ ಕೇಳಿ ತಿಳಿದಿದ್ದೇನೆ” ಎಂದು ಬರೆದೆ. ಆ ಕೆರೆಯನ್ನು ನಾನು ಕಣ್ಣಿಂದ ಕಂಡವನಲ್ಲ.

ನೋಟುಬುಕ್ಕನ್ನು ಸವಣೂರಿಗೆ ತಿರುಗಿ ಮುಟ್ಟಿಸಿದೆ. ಪ್ರಬಂಧ ಅಚ್ಚಾಯಿತು. ಪ್ರೊಫೆಸರರು ಬೆನ್ನು ತಟ್ಟಿದರು. ಒಂದು ತಿಂಗಳು ನನ್ನ ಕಾಲು ನೆಲದ ಮೇಲಿರಲಿಲ್ಲ. ಆಮೇಲೆ ಹಾನಗಲ್ಲಿನಿಂದ ಅಪ್ಪನ ಕಾಗದ ಬಂತು. ಯಾರೋ ಆ ಪತ್ರಿಕೆಯನ್ನು ಕೆಳಗಿನ ಊರಿಗೆ ಒಯ್ದಿದ್ದರು. ಕಾಲೇಜಿನವರೇ ಅಚ್ಚು ಹಾಕಿಸಿದ್ದಾರೆ, ಇನ್ನೇನು ಬೇಕು ಎಂದು ಅವರು ಗುಂಪುಗೂಡಿ ಹೋಗಿ ತೂಬು ತೆಗೆದಿದ್ದರು. ಕಲ್ಲು ಬಡಿಗೆ ಆಗಿ ನಾಲ್ಕು ತಲೆ ಒಡೆದಿದ್ದವು. ಮೇಲಿನ ಊರಿನವರು ‘ತೂಬು ಬಲ್ಲವರು’ ಯಾರೆಂದು ಹುಡುಕಿದರು. ಆ ತೂಬು ತೆಗೆದು ಮುಚ್ಚುವವನು ಊರಿಗೊಬ್ಬನೇ, ನೀರಗಂಟಿ ಹನುಮಪ್ಪ. ಅವನೇ ತಮ್ಮ ಊರಿನ ಗುಟ್ಟು ಮಾರಿದ ಎಂದು ಕೆಲಸ ಬಿಡಿಸಿ, ಅವನಿಗೆ ಊರ ಬಾವಿ ಬಂದ್ ಮಾಡಿ, ಮನೆಯ ಹಂಚಿನ ಮೇಲೆ ಕಲ್ಲು ತೂರಿದ್ದರು. ಹಿರೇಕೆರೂರಿನ ಮಾಮಲೇದಾರರು ಚೌಕಶಿ ಹಿಡಿದು ವಿಚಾರಣೆ ನಡೆಸಿದ್ದರು. ಬರೆದವನನ್ನೂ ಕರೆದಿದ್ದರು.

ಆ ಕಾಗದ ಓದಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ. ಬಾಗಿಲಲ್ಲಿ ಯಾರ ಕೆಮ್ಮು ಕೇಳಿದರೂ ಪೊಲೀಸರೆಂದು ಎದ್ದು ನಿಲ್ಲುತ್ತಿದ್ದೆ. ಕಾಲೇಜಿನಿಂದ ಹೊರಗೆ ಹಾಕುವುದು ಖಾತ್ರಿ. ಹನುಮಪ್ಪನ ಗತಿಯೇನು ಎಂದು ಅನಿಸಿತೇ? ನಿಜ ಹೇಳುತ್ತೇನೆ, ಮೊದಲ ಎರಡು ದಿನ ಅನಿಸಲಿಲ್ಲ. ನನ್ನ ಚಿಂತೆಯೆಲ್ಲ ಒಂದೇ: ನಾನು ನೋಟುಬುಕ್ಕಿನಿಂದ ಇಳಿಸಿಕೊಂಡದ್ದು ಮುನ್ಷಿಯವರೊಬ್ಬರಿಗೇ ಗೊತ್ತು, ಅವರು ಬಾಯಿ ಬಿಡದಿದ್ದರೆ ಪಾರಾದೇನು.

ಅವರನ್ನು ಬೇಡಿಕೊಳ್ಳಲೆಂದೇ ಸವಣೂರಿಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಆ ಪತ್ರಿಕೆ ಇತ್ತು.

“ಓದಿದೆ. ಭಾಷಾ ಚಲೋ ಐತಿ. ತೂಬು ಬಲ್ಲವರು ಯಾರಪಾ?” ಎಂದರು.

ಅವರು ಶಾಲೆಯಲ್ಲಿ ನೋಡುತ್ತಿದ್ದಂತೆಯೇ ಸುಮ್ಮನೆ ನೋಡಿದರು. ನಾನು ಅಳತೊಡಗಿದೆ.

“ಅತ್ತರ ಅದು ಉತ್ತರ ಅಲ್ಲ. ಚೌಕಶಿ ಯಾವತ್ತೈತಿ?”

“ನಾಳೆರೀ.”

“ನಾನೂ ಬರ್ತೇನಿ, ನಡಿ.”

“ನಿಮ್ಮನ್ನ ಯಾರೂ ಕರದಿಲ್ಲಲ್ರಿ ಸರ” ಎಂದೆ. ಬರಬೇಡಿ ಎಂಬುದನ್ನು ಅಷ್ಟು ಮೆಲ್ಲಗೆ ಹೇಳಿದ್ದು ಅದೇ ಮೊದಲು.

“ಕರದಿಲ್ಲ ಖರೆ. ಆದ್ರ ಕರೆವ್ವ ಬರಾಕ ಆಗೂದಿಲ್ಲಲಾ. ಆಕಿ ಹೆಸರ ಇಸಗೊಂಡಾಂವ ನಾನು.”

ಮರುದಿನ, ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನ ಮೇಲೆ ಓಡುವ ಬಸ್ಸು ಬಂಕಾಪುರದ ಮೇಲೆ ಹಾಯ್ದು ಹಾನಗಲ್ಲಿನ ದಾರಿ ಹಿಡಿಯಿತು. ಏರು ಬಂದಲ್ಲೆಲ್ಲ ಇಳಿದು ನೂಕಬೇಕು. ಹಾನಗಲ್ ಹತ್ತಿರವಾದಂತೆ ಮುನ್ಷಿಯವರು ನನ್ನನ್ನು ಕಿಟಕಿಯ ಕಡೆ ಕೂಡಿಸಿದರು. ಅರಿವೆ ಸುತ್ತಿದ ನೋಟುಬುಕ್ಕನ್ನು ನನ್ನ ತೊಡೆಯ ಮೇಲಿಟ್ಟು, “ಹಿಡಕೊ, ನನಗ ಕಣ್ಣು ಹತ್ತತಾವು” ಎಂದು ಕಣ್ಣು ಮುಚ್ಚಿದರು. ಮುಂದೆ ಧರ್ಮಾ ಹೊಳೆಯ ಸೇತುವೆ. ಮಳೆಗಾಲ, ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಒಂದು ಸಲ ಕೈ ಸಡಿಲಿಸಿದರೆ ಸಾಕು, ಸಾಕ್ಷಿಯೇ ಇಲ್ಲ. ನನ್ನ ಕೈ ಕಿಟಕಿಯ ಅಂಚಿನವರೆಗೆ ಹೋಯಿತು. ಅಲ್ಲಿಯೇ ನಿಂತಿತು. ಬಿಸಾಡದೆ ಹೋದದ್ದು ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಮುನ್ಷಿಯವರು ಕಣ್ಣು ತೆರೆದಾರೆಂಬ ಅಂಜಿಕೆಯಿಂದ. ಸೇತುವೆ ದಾಟಿದ ಮೇಲೆ ಅವರು ಕಣ್ಣು ತೆರೆದು ಕೋಟು ಸರಿಮಾಡಿಕೊಂಡರು. ನಿದ್ದೆ ಮಾಡಿದ್ದರೋ ಇಲ್ಲವೋ ನಾನು ಹೇಳಲಾರೆ.

ಹಿರೇಕೆರೂರಿನ ಕಚೇರಿಯಲ್ಲಿ ಒಂದು ಕಡೆ ಮೇಲಿನ ಊರಿನವರು, ಇನ್ನೊಂದು ಕಡೆ ಕೆಳಗಿನ ಊರಿನವರು. ನಡುವೆ ಹನುಮಪ್ಪ. ರುಮಾಲು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಅವನ ಹೆಂಡತಿ ಬಾಗಿಲ ಬಳಿ ಸೆರಗು ಬಾಯಿಗಿಟ್ಟು ನಿಂತಿದ್ದಳು. ಎರಡು ಮೈಲಿಯಿಂದ ನೀರು ಹೊತ್ತು ಹೊತ್ತು ಅವಳ ಕುತ್ತಿಗೆಯ ನರ ಉಬ್ಬಿದ್ದವು. ಅವರಿಬ್ಬರನ್ನೂ ನಾನು ಮೊದಲ ಸಲ ನೋಡಿದ್ದು ಆಗ.

ಮಾಮಲೇದಾರರು ಪತ್ರಿಕೆಯನ್ನು ಬೆರಳಲ್ಲಿ ಬಡಿದು, “ಇದನ್ನ ಬರದಾಂವ ನೀನ ಏನು?” ಎಂದರು.

“ಹೌದ್ರಿ.”

“ತೂಬು ಬಲ್ಲವರು ಅಂತ ಬರದೀದಿ. ಈ ಹನುಮಪ್ಪನ ಹೇಳಿದ್ನೇನು? ಹೌದಂದ್ರ ಹೌದನ್ನು, ಹೊತ್ತಾಗೈತಿ.”

ಒಂದು ಗೋಣು ಹಾಕಿದರೆ ಆಗುತ್ತಿತ್ತು. ಮೇಲಿನ ಊರಿನವರಿಗೆ ಬೇಕಾದದ್ದೂ ಅದೇ. ನಾನು ಹಾನಗಲ್ಲಿಗೆ ಹೋಗಿ ಅವ್ವನ ಕೈಯ ಊಟ ಮಾಡಬಹುದಿತ್ತು. ಹನುಮಪ್ಪ ನನ್ನತ್ತ ನೋಡಿ, “ಯಪ್ಪಾ, ನಾ ನಿಮ್ಮನ್ನ ಕಂಡ ಇಲ್ಲಲ್ರಿ” ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ತಾನೇ ಎಲ್ಲಿಯಾದರೂ ಮರೆತಿದ್ದಾನೋ ಏನೋ ಎಂಬ ಗೊಂದಲವಿತ್ತು. ನಾನು ತಿರುಗಿ ಮುನ್ಷಿಯವರನ್ನು ನೋಡಿದೆ. ಅವರು ಗೋಡೆಗೆ ಒರಗಿ ನೆಲ ನೋಡುತ್ತಿದ್ದರು.

“ಇವಾ ಅಲ್ರಿ ಸಾಹೇಬ್ರ” ಎಂದೆ. “ನಾ ಆ ಕೆರಿಗೆ ಹೋಗೇ ಇಲ್ರಿ. ಇದು ಇಮಾಮಸಾಬ ಮುನ್ಷಿಯವರು ಬರಕೊಂಡಿದ್ದು. ಅವರಿಗೆ ಕೆಳಗಿನ ಊರ ಕರೆವ್ವ ಹೇಳಿದ್ದು. ಆಕಿಗೆ ಆಕಿ ಅತ್ತಿ ಹೇಳಿದ್ದು. ಹೆಸರ ಕಿತ್ತು ನಂದಂತ ಬರದಾಂವ ನಾನು. ಕದ್ದೇನ್ರಿ.”

ಮುನ್ಷಿಯವರು ಮುಂದೆ ಬಂದು ನೋಟುಬುಕ್ಕು ಬಿಚ್ಚಿ ಆ ಪುಟ ಓದಿದರು. ಮಾಮಲೇದಾರರು ಕೇಳಿ, “ನೀವ ಇವಗ ಕೊಟ್ರೋ, ಇವಾ ಕದ್ದನೋ?” ಎಂದರು.

“ಪುಸ್ತಕ ನಾ ಕೊಟ್ಟೆ. ಹೆಸರ ಬಿಡು ಅಂತ ಹೇಳಿಲ್ಲ. ಅವನ ಮನಸಿನಾಗಿಂದು ಅವನ ಹೇಳ್ಯಾನಲ್ರಿ” ಎಂದರು ಮುನ್ಷಿಯವರು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ಹನುಮಪ್ಪನ ತಪ್ಪಿಲ್ಲವೆಂದು ಮಾಮಲೇದಾರರು ಬರೆಸಿ ಬಿಟ್ಟರು. ಹೊರಗೆ ಹನುಮಪ್ಪ ಬಂದು ನನ್ನ ಕಾಲಿಗೆ ಬಗ್ಗಿದ. “ನಿಮ್ಮಿಂದ ಉಳದೆವ್ರಿ” ಎಂದ. ನಾನು ಆ ನಮಸ್ಕಾರವನ್ನು ಸುಮ್ಮನೆ ತೆಗೆದುಕೊಳ್ಳುತ್ತಿದ್ದೆನೇನೋ. ಮುನ್ಷಿಯವರು ಅವನ ತೋಳು ಹಿಡಿದು ಎಬ್ಬಿಸಿದರು. “ನಿನ್ನ ಬಿಡಿಸಿದಾಂವ ಇವನ, ಖರೆ. ಸಿಗಿಸಿದಾಂವನೂ ಇವನ. ಎರಡೂ ನೆನಪಿಟ್ಟಕೋ” ಎಂದರು. ಹನುಮಪ್ಪ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ. ಮುನ್ಷಿಯವರು ಸವಣೂರಿಗೆ ಹೋಗುವ ಬಸ್ಸು ಹತ್ತಿದರು. ಹತ್ತುವಾಗ ನನ್ನ ಭುಜ ಮುಟ್ಟಿದ್ದು ಆಸರೆಗೋ ಪ್ರೀತಿಗೋ ತಿಳಿಯಲಿಲ್ಲ. ಅದೇ ಕಡೆಯ ಭೇಟಿ.

ಕಾಲೇಜಿನವರು ಒಂದು ವರ್ಷ ನನ್ನನ್ನು ಹೊರಗಿಟ್ಟರು. ಮುಂದಿನ ಸಂಚಿಕೆಯಲ್ಲಿ ನನ್ನ ಕೈಯಿಂದಲೇ ತಪ್ಪೊಪ್ಪಿಗೆ ಬರೆಸಿ ಅಚ್ಚು ಹಾಕಿದರು. ಅದರಲ್ಲಿ ಕರೆವ್ವನ ಹೆಸರೂ ಮುನ್ಷಿಯವರ ಹೆಸರೂ ಇತ್ತು. ಒಂದು ಪ್ರತಿಯನ್ನು ಟಪಾಲಿನಲ್ಲಿ ಸವಣೂರಿಗೆ ಕಳಿಸಿದೆ. ನಾನೇ ಒಯ್ದು ಕೊಡಬಹುದಿತ್ತು. ಇಡೀ ವರ್ಷ ಹಾನಗಲ್ಲಿನಲ್ಲಿ ಖಾಲಿ ಕೂತಿದ್ದೆ. ಅವರ ಮುಂದೆ ಹೋಗಿ ನಿಲ್ಲಲು ಅಂಜಿದೆ.

ಆ ವರ್ಷ ಮುಗಿಯುವುದರೊಳಗೆ ಮುನ್ಷಿಯವರು ತೀರಿಕೊಂಡರು. ಕೆಲವು ದಿನಗಳ ಮೇಲೆ ಹಾನಗಲ್ಲಿನ ಸಂತೆಯಲ್ಲಿ ಹನುಮಪ್ಪ ಸಿಕ್ಕ. ಕೆಲಸ ತಿರುಗಿ ಬಂದಿತ್ತು, ಮೈ ಸ್ವಲ್ಪ ತುಂಬಿಕೊಂಡಿದ್ದ. ಸುದ್ದಿ ಕೇಳಿದ ಕೂಡಲೇ ಹೊರಟು, ಸಿಕ್ಕ ಗಾಡಿ ಹತ್ತಿ, ಉಳಿದದ್ದು ನಡೆದು ಸವಣೂರು ಮುಟ್ಟಿದನಂತೆ. ಮಣ್ಣು ಮಾಡುವಾಗ ಎಲ್ಲರ ಜೊತೆ ಅವನೂ ಮೂರು ಹಿಡಿ ಮಣ್ಣು ಹಾಕಿದನಂತೆ.

“ನೀವ ಕಾಣಲಿಲ್ಲಲ್ರಿ?” ಎಂದು ಕೇಳಿದ.

“ನನಗ ಸುದ್ದಿ ತಡಾ ಮಾಡಿ ಮುಟ್ಟಿತಪಾ” ಎಂದೆ.

“ಹೌದ್ರಿ, ಟಪಾಲಿಂದ ಹಂಗ” ಎಂದು ಹನುಮಪ್ಪ ನಂಬಿ ಗೋಣು ಹಾಕಿದ.

ಸುದ್ದಿ ನನಗೆ ಅವರನ್ನು ಮಣ್ಣು ಮಾಡಿದ ದಿನದ ಮುಂಜಾನೆಯೇ ಮುಟ್ಟಿತ್ತು. ಬಸ್ಸಿನ ಕಟ್ಟೆಯವರೆಗೆ ಹೋಗಿ, ಸವಣೂರಿನ ಬಸ್ಸು ಹೊರಡುವುದನ್ನು ನೋಡಿ, ಮನೆಗೆ ಬಂದೆ.