ನೀಲವ್ವತ್ತೆಯ ತೆಂಗಿನ ಮೊದಲ ಹೊಂಬಾಳೆ

ನೆಲದ ಮೇಲೆ ನಡೆಯುವ ಮನುಷ್ಯ ಎಷ್ಟು ಅಪರೂಪಕ್ಕೆ ಕತ್ತೆತ್ತಿ ಮೇಲೆ ನೋಡುತ್ತಾನೆಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ? ನಮ್ಮ ಹಿರೇಕೆರೂರ ಸೀಮೆಯವರು ಮಳೆಗಾಗಿ ಒಮ್ಮೆ ನೋಡುತ್ತಾರೆ, ಸೀನುವ ಮುನ್ನ ಒಮ್ಮೆ ನೋಡುತ್ತಾರೆ. ಅಲ್ಲಿಗೆ ಗಗನದರ್ಶನ ಮುಗಿಯಿತು. ಹತ್ತಿ, ಜೋಳ, ಮೆಣಸಿನಕಾಯಿಗಳ ನಾಡಿನಲ್ಲಿ ಕಣ್ಣಿಗೆ ಬೇಕಾದುದೆಲ್ಲ ತಲೆಯ ಮಟ್ಟದೊಳಗೇ ಸಿಗುವಾಗ ಕತ್ತಿಗೆ ವೃಥಾ ಶ್ರಮವೇಕೆ? ಆದರೆ ಯುದ್ಧ ನಡೆದಿದ್ದ ಆ ವರ್ಷ, ಸೀಮೆಎಣ್ಣೆ ಸಿಗದೆ ಊರೆಲ್ಲ ಬೆಳಕಿರುವಾಗಲೇ ಉಂಡೇಳುತ್ತಿದ್ದ ಕಾಲದಲ್ಲಿ, ಹಂಸಭಾವಿಯ ಒಂದು ಮನೆಯವರು ಮಾತ್ರ ಎದ್ದರೂ ಕೂತರೂ ಮೇಲೆಯೇ ನೋಡುತ್ತಿದ್ದರು. ಅದು ನನ್ನ ಸೋದರತ್ತೆ ನೀಲವ್ವನ ಮನೆ. ಅವರು ನೋಡುತ್ತಿದ್ದುದು ವಿಮಾನವನ್ನಲ್ಲ. ಅಂಗಳದ ತೆಂಗು ಹೊತ್ತ ಮೊಟ್ಟಮೊದಲ ಹೊಂಬಾಳೆಯನ್ನು.

ಮಗಳು ಗೌರಿ ಚಿಕ್ಕವಳಿದ್ದಾಗ ಅತ್ತೆ ತವರಿಗೆ ಬಂದು ಹೊರಟು ನಿಂತಳಂತೆ. ಬಂಡಿ ಹೂಡಿಯಾಗಿತ್ತು, ಗಡಿಬಿಡಿಯಲ್ಲಿ ನಮ್ಮ ಅಜ್ಜಿ ಸುಲಿಯದ ಕಾಯಿಯನ್ನೇ ಮಗಳ ಉಡಿಗೆ ತುಂಬಿಬಿಟ್ಟಳು. ಸಿಪ್ಪೆಸಮೇತ ಉಡಿ ತುಂಬಿಸಿಕೊಂಡು ಬಂದ ಸೊಸೆಯನ್ನು ಕಂಡು ಹಂಸಭಾವಿ ಹೊಟ್ಟೆ ಹಿಡಿದು ನಕ್ಕಿತು. ಆ ಬೇಸಿಗೆಯಲ್ಲೇ ಅಜ್ಜಿ ತೀರಿಕೊಂಡಳು. ಅವ್ವ ಕೊಟ್ಟ ಕಡೆಯ ಕಾಯಿಯನ್ನು ಒಡೆಯಲು ಮನಸ್ಸು ಬಾರದೆ ಅತ್ತೆ ಅದನ್ನು ಅಂಗಳದಲ್ಲಿ ಹುಗಿದು ನೀರೆರೆದಳು. ಗೌರಿಗೆ ಲಗ್ನ ಗೊತ್ತಾದ ಮೇಲೆ ಅತ್ತೆಯದು ಒಂದೇ ಆಸೆ: ಈ ಗಿಡದ ಕಾಯಿಯಿಂದಲೇ ಮಗಳ ಉಡಿ ತುಂಬಬೇಕು.

ಮಾವ ಚನ್ನಬಸಪ್ಪನವರು ಹತ್ತಿ ವ್ಯಾಪಾರಿಗಳು. ಅವರ ದೃಷ್ಟಿಯಲ್ಲಿ ಸೃಷ್ಟಿಯ ಸಕಲ ವಸ್ತುಗಳೂ ಎರಡೇ ವರ್ಗ: ಬಂಡಿಗೆ ಹೇರಬಹುದಾದವು ಮತ್ತು ಬಂಡಿಗೆ ಅಡ್ಡ ಬರುವಂಥವು. ತೆಂಗು ಎರಡನೆಯ ವರ್ಗಕ್ಕೆ ಸೇರಿತ್ತು.

"ಈ ಸಲ ಕಾಯಿ ಹಿಡೀತೋ, ಇರ್ಲಿ. ಇಲ್ಲಂದ್ರ ಕಡಿಸಿ ಒಗೀತೇನಿ. ಬಂಡಿ ಹೊಳ್ಳಾಕ ಜಾಗ ಇಲ್ಲ ಇಲ್ಲಿ" ಎಂಬುದು ಅವರ ತೀರ್ಪಾಗಿತ್ತು.

ಇಂಥ ಸಂಧಿಕಾಲದಲ್ಲಿ ನಾನು ಧಾರವಾಡದಿಂದ ಬೇಸಿಗೆ ರಜೆಗೆ ಬಂದಿಳಿದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೆ, ಅಂದರೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರ ಅಣಕು ಮಾಡುವುದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ಸ್ವಂತ ಕೈಯಿಂದ ಬರೆಯಬೇಕಾದುದರಿಂದ ನಾಪಾಸಾಗಿದ್ದೆ. ಅತ್ತೆಯ ಮಗಳಾದ ಗೌರಿಯನ್ನು ನನಗೇ ಕೊಡುವ ಮಾತೊಂದು ಹಿಂದೆ ಎದ್ದಿತ್ತೆಂದೂ, ನಾನು ಭಾವೀ ಮಾವನವರ ಕೆಮ್ಮನ್ನು ಅವರೆದುರೇ ಕೆಮ್ಮಿ ತೋರಿಸಿದ ದಿನ ಆ ಮಾತು ಮಲಗಿತೆಂದೂ ಪ್ರತೀತಿಯಿದೆ.

ಹೊಂಬಾಳೆ ಬಿರಿದದ್ದು ನಾನು ಬಂದ ಮರುದಿನ. ಗರಿಯ ಕಂಕುಳಲ್ಲಿ ದೋಣಿಯಂಥ ಗಟ್ಟಿ ಕವಚವೊಂದು ನೆಟ್ಟಗೆ ನಿಂತಿತ್ತಲ್ಲ, ಅದು ಉದ್ದಕ್ಕೂ ಸೀಳಿ, ಒಳಗಿಂದ ದಂತವರ್ಣದ ಎಳೆಗಳು ಆಗತಾನೆ ಬಾಚಿದ ಕೂದಲಿನಂತೆ ಹೊರಬಿದ್ದವು. ನಾನು "ಆಹಾ!" ಎಂದೆ. ಅದೇ ತಪ್ಪಾಯಿತು. ಕೆಲವೇ ದಿನಗಳಲ್ಲಿ ಅಂಗಳದ ತುಂಬ ಹೂವು ಉದುರಿ, ಜೋಳದ ಅರಳು ಚೆಲ್ಲಿದಂತಾಯಿತು.

"ನಿನ್ನ ಕಣ್ಣ ಬಿತ್ತಲ್ಲೋ ತಮ್ಮಾ! ನೀ ಆಹಾ ಅಂದಿ, ಅವತ್ತಿಂದ ಉದುರಾಕತ್ತೈತಿ" ಎಂದು ಅತ್ತೆ ಕಣ್ಣೊರೆಸಿಕೊಂಡಳು. ದೃಷ್ಟಿ ತೆಗೆಯಲು ಗಿಡಕ್ಕೆ ಹಳೆಯ ಚಪ್ಪಲಿ ಕಟ್ಟಬೇಕಷ್ಟೆ? ದೃಷ್ಟಿ ಯಾರದೋ, ಚಪ್ಪಲಿಯೂ ಅವನದೇ ಇರಲೆಂದು ನನ್ನ ಎಡಗಾಲಿನದನ್ನು ಕಟ್ಟಿದಳು. ಅದೇನೂ ಹಳೆಯದಾಗಿರಲಿಲ್ಲ.

ಮಾವ ಹೂವಿನ ಮೇಲೆಯೇ ನಡೆದು ಬಂದು, "ಮುಗೀತಲ್ಲ? ನಾಳೆ ಬಡಿಗ್ಯಾಗ ಹೇಳಿ ಕಳಸ್ತೇನಿ" ಎಂದರು. ಅತ್ತೆ ಉದುರಿದ ಹೂವನ್ನು ಗುಡಿಸದೆ ಸೆರಗಿನಲ್ಲಿ ಆರಿಸತೊಡಗಿದಳು. ಅದನ್ನು ನೋಡಲಾಗದೆ ನಾನು ಅಲ್ಲೇ ನಿಂತಿದ್ದ ಹತ್ತಿಯ ಬಂಡಿ ಏರಿದೆ. ಹತ್ತಿ ತುರುಕಿದ ಅಂಡಿಗೆಯ ಮೇಲೆ ನಿಂತರೆ ಹೊಂಬಾಳೆ ಕೈಗೆಟುಕುತ್ತಿತ್ತು. ಎಳೆಗಳನ್ನು ಹಿಡಿದು ನೋಡಿದಾಗ, ಎಂದೋ ಕೇಳಿದ ಪಾಠವೊಂದು ತಲೆಯೊಳಗೆ ಮಿಸುಕಿತು. ಸ್ವಂತ ದನಿಯಲ್ಲಿ ಹೇಳಹೋದರೆ ಒಂದಕ್ಷರವೂ ಬಾರದು. ವಿಧಿಯಿಲ್ಲದೆ ಹೊಟ್ಟೆ ಮುಂದೆ ಮಾಡಿ, ಮೂಗಿನಿಂದ ಉಸಿರೆಳೆದು, ನಮ್ಮ ಪ್ರಾಧ್ಯಾಪಕರಾದೆ. ಪಾಠ ಸರಾಗವಾಗಿ ಹೊರಟಿತು.

"ಇತ್ತ ಲಕ್ಷ ಕೊಡ್ರಿ, ಮಂಡಳೀ! ಎಳಿ ತುಂಬ ಸಾಲಾಗಿ ಕುಂತಾವಲ್ಲ, ಇವೆಲ್ಲಾ ಗಂಡುಹೂವು. ತುದಿಯಿಂದ ಅರಳಕೋತ ಬುಡದ ಕಡೆ ಬರ್ತಾವ, ನಾಕು ದಿನ ದಿಮಾಕು ತೋರಸ್ತಾವ, ಉದುರತಾವ. ಬುಡದಾಗ ಅಂಗಿ ಗುಂಡಿಯಂಗ ಗುಂಡಗ ಕುಂತಾವ ನೋಡ್ರಿ, ಇವು ಹೆಣ್ಣು. ಗಂಡಿನ ಗದ್ಲ ಮುಗಿಯೂತನಕ ಇವು ಬಾಯಿ ತಗಿಯಂಗಿಲ್ಲ. ಉದುರಿದ್ದು ಕಾಯಲ್ಲ, ಬರೇ ಗಂಡಸರು!"

ಮಾವ ವ್ಯಾಪಾರಿ, ಸರಕಿನ ದೋಷ ತಕ್ಷಣ ಹಿಡಿದರು. "ಗಂಡೆಲ್ಲಾ ಉದುರಿದ ಮ್ಯಾಲೆ ಹೆಣ್ಣು ಕಣ್ಣ ತಗದ್ರ, ಲಗ್ನ ಯಾರ ಜೋಡಿ ಆಕ್ಕೈತಲೇ?"

"ಬ್ಯಾರೆ ಗಿಡದ ಕೂಡ ಬೀಗತನರೀ, ಮಾವಾರ! ಆಚೀ ತ್ವಾಟದ ಟೆಂಗೂ ಹೂ ಬಿಟ್ಟಾವ. ಜೇನಹುಳ ಅಲ್ಲಿಂದ ಪುಡಿ ತರ್ತಾವ."

"ಅಂದ್ರ ಮನಿ ಹುಡುಗರಿಗೆ ಹೆಣ್ಣು ಕೊಡೂದಿಲ್ಲನ್ನು. ಗಿಡ ಶಾಣ್ಯಾ ಐತಿ" ಎಂದಳು ಅತ್ತೆ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ. ಬಾಗಿಲ ಮರೆಯಲ್ಲಿ ಗೌರಿ ಕಿಸಕ್ಕೆಂದಳು.

ಆಮೇಲೆ ಅತ್ತೆ ತಾನೂ ಬಂಡಿ ಏರಿದಳು. ಎಳೆಯ ಬುಡದ ಆ ಹಸಿರು ಗುಂಡಿಗಳನ್ನು, ಕೂಸಿನ ಕಿವಿ ಮುಟ್ಟುವಂತೆ, ಒಂದೊಂದಾಗಿ ಬೆರಳ ತುದಿಯಿಂದ ಮುಟ್ಟಿದಳು. ಮಾವ ಕೆಳಗೆ ನಿಂತು ಕೆಮ್ಮಿದರು. ನಾನು ಆ ಕೆಮ್ಮನ್ನು ಅಣಕಿಸಲಿಲ್ಲ. ಬಡಿಗನಿಗೆ ಹೇಳಿ ಕಳಿಸುವ ಮಾತು ಮರುದಿನ ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ.

ಗುಂಡಿಗಳಲ್ಲೂ ಬಹಳಷ್ಟು ಉದುರಿದವು. ಉಳಿದ ನಾಲ್ಕಾರು ನಿಧಾನವಾಗಿ ದಪ್ಪಗಾದವು. ತೆಂಗಿನ ಕಾಯಿ ಬಲಿಯಲು ಹೆಚ್ಚುಕಡಿಮೆ ವರ್ಷ ಬೇಕು, ಆದರೆ ಬೀಗರು ವೈಶಾಖದ ಲಗ್ನವನ್ನು ಮಾಘಕ್ಕೆ ಎಳೆದರು. ಗೌರಿ ಹೊರಡುವ ದಿನ ಕಾಯಿಗಳಿನ್ನೂ ಹಸಿರಾಗಿದ್ದವು. ಅಚ್ಚರಿಯೆಂದರೆ, ಏಣಿ ತಂದವರು ಮಾವನೇ.

"ಎಳೀದಿದ್ರೇನಾತು, ನೀಲಾ? ಒಂದು ಇಳಸೂಣು. ನಿನ್ನ ಮನಸ್ಸಿಗಾತು."

ಅತ್ತೆ ಬಹಳ ಹೊತ್ತು ಕಾಯಿಯನ್ನೂ ಮಗಳನ್ನೂ ನೋಡಿದಳು. "ಬ್ಯಾಡ್ರಿ. ಬಲೀಲಿ. ನಾಗರ ಪಂಚಮಿಗೆ ಅಕಿ ಬಂದೇ ಬರ್ತಾಳಲ್ಲ, ಆವಾಗ ತುಂಬತೇನಿ" ಎಂದು ಹಾನಗಲ್ಲ ಸಂತೆಯಿಂದ ತಂದ ಕಾಯಿಯಿಂದ ಗೌರಿಯ ಉಡಿ ತುಂಬಿದಳು.

ಬಂಡಿ ಅಂಗಳದಲ್ಲಿ ಹೊರಳಬೇಕಿತ್ತು. ಎತ್ತು ತಿರುಗುತ್ತಲೇ ಮಾವ ಚೀರಿದರು: "ಏ, ಏ! ಗಿಡಕ್ಕ ತಾಗೀತು! ಕೊಳ್ಳ ಹರಿ!" ಎತ್ತುಗಳನ್ನು ಬಿಡಿಸಿ, ನಾವೆಲ್ಲ ಹೆಗಲು ಕೊಟ್ಟು, ಬಂಡಿಯನ್ನು ಹಿಂದುಹಿಂದಕ್ಕೇ ಓಣಿಗೆ ದೂಡಿದೆವು. ಎಲ್ಲ ಹೆಣ್ಣುಮಕ್ಕಳೂ ತವರಿಗೆ ಬೆನ್ನು ಮಾಡಿ ಹೊರಟರೆ, ನಮ್ಮ ಗೌರಿ ಮನೆಗೆ ಮುಖ ಮಾಡಿಕೊಂಡೇ ಹೊರಟಳು. ಓಣಿ ತಿರುಗುವವರೆಗೂ ಅವಳು ನೋಡುತ್ತಲೇ ಇದ್ದಳು, ಮೊದಲು ಗಿಡದ ತಲೆಯನ್ನು, ಆಮೇಲೆ ಅದರ ಬುಡಕ್ಕೆ ಕೈಯೂರಿ ನಿಂತ ಅವ್ವನನ್ನು.